ಮಾದರಿ ರೈಲುಹಾದಿ
ಮನೆಯೊಳಗೆ ಹಲಗೆಯ ಮೇಲೆ ಹಳಿ, ನಿಲ್ದಾಣ, ಗುಡ್ಡಗಳನ್ನು ನಿಶ್ಚಿತ ಪ್ರಮಾಣಕ್ಕೆ ಕುಗ್ಗಿಸಿ ಕಟ್ಟುವ ಹವ್ಯಾಸ. ಹೆಚ್ಚು ಬಳಕೆಯಲ್ಲಿರುವುದು 1:87 ಪ್ರಮಾಣದ ಎಚ್‌ಒ. ಹಳಿಗಳ ಅಂತರ 16.5 ಮಿ.ಮೀ. ಜಾಗ ಕಡಿಮೆಯಿದ್ದರೆ 9 ಮಿ.ಮೀ. ಅಂತರದ ಎನ್ ಪ್ರಮಾಣವುಂಟು. ನಕ್ಷೆ ಬರೆಯುವಾಗ ಕೈಕಟ್ಟುವುದು ತಿರುವು: ಎಚ್‌ಒದಲ್ಲಿ 18 ಅಂಗುಲ ತ್ರಿಜ್ಯದ ಸುತ್ತಿಗೆ ಹಲಗೆ 3 ಅಡಿಗಿಂತ ಹೆಚ್ಚು ಅಗಲವಿರಬೇಕು, ಆಗಲೂ ಉದ್ದನೆಯ ಬೋಗಿಗಳು ತಿರುವಿನಲ್ಲಿ ಹೊರಚಾಚಿ ವಿಕಾರವಾಗಿ ಕಾಣುತ್ತವೆ. ಏರಿನದು ಇನ್ನೊಂದು ಪೇಚು. ಒಂದು ಹಳಿಯ ಮೇಲೆ ಮತ್ತೊಂದನ್ನು ದಾಟಿಸಲು ಸುಮಾರು 3 ಅಂಗುಲ ಎತ್ತರ ಬೇಕು, ಶೇ. 2ರ ಏರಿನಲ್ಲಿ ಅಷ್ಟಕ್ಕೇ ಹನ್ನೆರಡೂವರೆ ಅಡಿ ಹಳಿ ಖರ್ಚಾಗುತ್ತದೆ. ಭಾರತದ 1676 ಮಿ.ಮೀ. ಬ್ರಾಡ್‌ಗೇಜ್ ಎಚ್‌ಒ ಲೆಕ್ಕದಲ್ಲಿ ಸುಮಾರು 19.3 ಮಿ.ಮೀ. ಆಗಬೇಕು. ಸಿದ್ಧ ಎಚ್‌ಒ ಹಳಿ 16.5 ಮಿ.ಮೀ.ನದೇ ಆದ್ದರಿಂದ ಅದರ ಮೇಲಿಟ್ಟ ನಮ್ಮ ಬೋಗಿಗಳ ಕಾಲು ಕೊಂಚ ಕೂಡಿಕೊಂಡಂತೆಯೇ ಕಾಣುತ್ತದೆ.