ಗುಂಡು ಹೊಡೆದು ಬಿಡಿಸಿದ ಚಿತ್ರಗಳು

(1/4)
ಈ ಸಲ ಸ್ವಲ್ಪ ದೂರ ಹೋಗೋಣ ಬನ್ನಿ. ಅಮೆರಿಕದ ವಯೋಮಿಂಗ್ ರಾಜ್ಯ, ಜ್ಯಾಕ್ಸನ್ ಅನ್ನೋ ಊರು. ನಾನೂ ಹೋಗಿಲ್ಲ, ಪಾಸ್‌ಪೋರ್ಟೇ ಇಲ್ಲ. ಫೋನಲ್ಲೇ ಸುತ್ತೋದು, ಟಿಕೆಟ್ ಖರ್ಚೂ ಉಳಿಯುತ್ತೆ.

ಊರಾಚೆ ಗುಡ್ಡಕ್ಕೆ ಅಂಟಿಕೊಂಡ ಹಾಗೆ ಒಂದು ಕಲ್ಲಿನ ಕಟ್ಟಡ ಇದೆ. ಸ್ಕಾಟ್ಲೆಂಡಿನ ಸ್ಲೇನ್ಸ್ ಅನ್ನೋ ಪಾಳುಬಿದ್ದ ಕೋಟೆ ಇದರ ವಿನ್ಯಾಸಕ್ಕೆ ಸ್ಫೂರ್ತಿ. ಹೆಸರು ನ್ಯಾಷನಲ್ ಮ್ಯೂಸಿಯಂ ಆಫ್ ವೈಲ್ಡ್‌ಲೈಫ್ ಆರ್ಟ್. 1987ರಲ್ಲಿ ಶುರುವಾಗಿ, 1994ರಲ್ಲಿ ಈ ಕಟ್ಟಡಕ್ಕೆ ಬಂತು. ಒಳಗೆ ಹೋದ್ರೆ ಎಲ್ಲಿ ನೋಡಿದ್ರೂ ಪ್ರಾಣಿ, ಪಕ್ಷಿ. ಕರಡಿ, ಕಾಡೆಮ್ಮೆ, ಹದ್ದು, ಒಂದೊಂದು ರೋಮವೂ ಎಣಿಸೋ ಹಾಗೆ.

ಎಷ್ಟು ಪ್ರೀತಿಯಿಂದ ಬಿಡಿಸಿದಾರೆ ಅನಿಸುತ್ತೆ ಅಲ್ವಾ? ಈಗ ಒಂದು ಪ್ರಶ್ನೆ. ಟೆಲಿಫೋಟೋ ಲೆನ್ಸ್ ಇಲ್ಲದ ಕಾಲದಲ್ಲಿ ಕಾಡುಪ್ರಾಣಿ ಇಷ್ಟು ಹತ್ತಿರ, ಇಷ್ಟು ಹೊತ್ತು, ಅಲ್ಲಾಡದೆ ಹೇಗೆ ನಿಂತಿತ್ತು?

(2/4)
ಈ ಮ್ಯೂಸಿಯಂನಲ್ಲಿ ಕೃತಿಗಳಿರೋ ಜಾನ್ ಜೇಮ್ಸ್ ಆಡುಬಾನ್ ಕಥೆ ಕೇಳಿ. ಹುಟ್ಟಿದ್ದು 1785. ವ್ಯಾಪಾರ ಮಾಡಿ 1819ರಲ್ಲಿ ದಿವಾಳಿ ಎದ್ದ, ಸಾಲಕ್ಕೆ ಜೈಲಿಗೂ ಹೋದ. ಆಮೇಲೆ ಹಟಕ್ಕೆ ಬಿದ್ದವನ ಹಾಗೆ ಅಮೆರಿಕದ ಪಕ್ಷಿಗಳನ್ನೆಲ್ಲ ಬಿಡಿಸೋಕೆ ಹೊರಟ, ಅದೂ ನಿಜವಾದ ಗಾತ್ರದಲ್ಲೇ! ಒಂದೊಂದು ಪುಟ ಹೆಚ್ಚು ಕಡಿಮೆ 1 ಮೀಟರ್ ಎತ್ತರ. ಅಷ್ಟಿದ್ರೂ ಫ್ಲೆಮಿಂಗೋ ಹಿಡಿಸಲಿಲ್ಲ, ಅದಕ್ಕೆ ಕತ್ತು ನೆಲದ ತನಕ ಬಗ್ಗಿಸಿ ಬಿಡಿಸಿದಾನೆ.

ನಮ್ಮ ಬಿಕಾಂ ಗ್ಯಾಂಗ್ ಇಲ್ಲಿ ಗಮನ ಕೊಡಿ. 1827ರಿಂದ 1838ರವರೆಗೆ ಪುಸ್ತಕ ಮಾರಿದ್ದು ಚಂದಾ ಲೆಕ್ಕದಲ್ಲಿ, ಕಂತು ಕಂತಾಗಿ. ಒಂದು ಕಂತಿಗೆ 5 ಚಿತ್ರ: ಒಂದು ದೊಡ್ಡ ಪಕ್ಷಿ, ಒಂದು ಮಧ್ಯಮ, ಮೂರು ಸಣ್ಣವು. ಪ್ರತಿ ಪ್ಯಾಕಲ್ಲೂ ಒಂದು ದೊಡ್ಡದು ಗ್ಯಾರಂಟಿ! 87 ಕಂತು, ಒಟ್ಟು 435 ಚಿತ್ರ. ಮಾರ್ಕೆಟಿಂಗ್ ಪೇಪರಲ್ಲಿ ಈ ಉದಾಹರಣೆ ಯಾಕೆ ಬರಲ್ವೋ.

ಆದ್ರೆ ಮಾಡೆಲ್‌ಗಳು? ಗುಂಡು ಹೊಡೆದ ಪಕ್ಷಿಗಳು. ಚೌಕ ಗೆರೆ ಎಳೆದ ಹಲಗೆಗೆ ತಂತಿಯಿಂದ ಚುಚ್ಚಿ, ರೆಕ್ಕೆ ಬಿಚ್ಚಿ, ಹಾರ್ತಿರೋ ಹಾಗೆ ನಿಲ್ಲಿಸಿ ಬಿಡಿಸ್ತಿದ್ದ. ಗುಲಾಮರನ್ನ ಕೊಂಡು ಮಾರಿದವನೂ ಇವನೇ. ಅದಕ್ಕೇ ಇತ್ತೀಚೆಗೆ ಅಲ್ಲಿನ ಕೆಲವು ಪಕ್ಷಿ ಸಂಘಗಳು ತಮ್ಮ ಹೆಸರಿಂದ ಇವನ ಹೆಸರು ತೆಗೆದುಹಾಕಿವೆ.

ಈಗ ಮೇಲಿನ ಫೋಟೋ ನೋಡಿ, ಅವನ ಪುಸ್ತಕದ್ದು. ಮುಳ್ಳುಕಾಯಿ ಗಿಡದ ಮೇಲೆ 7 ಗಿಣಿ. ಹಸಿರು ಮೈ, ಹಳದಿ ತಲೆ. ಇದು ಕ್ಯಾರೊಲಿನಾ ಗಿಣಿ. ಬೆಳೆ ತಿನ್ನುತ್ತೆ ಅಂತ ರೈತರು ಹೊಡೀತಿದ್ರು. ಒಂದು ಬಿದ್ರೆ ಉಳಿದವು ಹಾರಿ ಹೋಗ್ತಿರಲಿಲ್ಲ. ಬಿದ್ದವನ ಸುತ್ತ ಕೂಗ್ತಾ ಮತ್ತೆ ಮತ್ತೆ ಅಲ್ಲಿಗೇ ಬರ್ತಿದ್ದವು. ಹಿಂಡಿಗೆ ಹಿಂಡೇ ಮುಗಿಯೋದು. ಕೊನೆಯದಾಗಿ ಸೆರೆಯಲ್ಲಿದ್ದ ಗಿಣಿ 1918ರಲ್ಲಿ ಸಿನ್ಸಿನಾಟಿ ಝೂನಲ್ಲಿ ಸತ್ತಿತು. ಕೊಂದವನೇ ಬಿಡಿಸದೇ ಇದ್ದಿದ್ರೆ ಈ ಹಳದಿ, ಈ ಕಣ್ಣು ನಮಗೆ ಹೀಗೆ ಗೊತ್ತಾಗ್ತಿತ್ತಾ? ಈ ಪ್ರಶ್ನೆ ನನಗೆ ಇಷ್ಟ ಆಗಲ್ಲ, ಆದ್ರೆ ಬಿಟ್ಟು ಹೋಗೋಕೂ ಆಗಲ್ಲ.

(3/4)
ಮ್ಯೂಸಿಯಂನ ಹೀರೋ ಅಂದ್ರೆ ಕಾರ್ಲ್ ರುಂಗಿಯಸ್. 1869ರಲ್ಲಿ ಜರ್ಮನಿಯಲ್ಲಿ ಹುಟ್ಟಿ, 1894ರಲ್ಲಿ ಬೇಟೆಗೆ ಅಂತ ಅಮೆರಿಕಕ್ಕೆ ಬಂದವನು ಕೊನೆಗೆ ಅಲ್ಲೇ ನೆಲೆಸಿದ. ಹೊಡೆದ ಪ್ರಾಣಿಯನ್ನ ಹಗ್ಗದಲ್ಲಿ ಕಟ್ಟಿ, ಬದುಕಿದ್ದಾಗಿನ ಭಂಗಿಯಲ್ಲೇ ನಿಲ್ಲಿಸಿ, ಅಲ್ಲೇ ಬಯಲಲ್ಲಿ ಕೂತು ಸ್ಕೆಚ್ ಮಾಡ್ತಿದ್ದ.

ಅವನಿಂದ ಚಿತ್ರ ಬರೆಸಿದ ವಿಲಿಯಂ ಹಾರ್ನಡೇ ಇನ್ನೂ ವಿಚಿತ್ರ. 1886ರಲ್ಲಿ, ಕಾಡೆಮ್ಮೆಗಳು ಮುಗಿದೇ ಹೋಗ್ತಿವೆ ಅಂತ ಗೊತ್ತಿದ್ದೂ, ಮ್ಯೂಸಿಯಂನಲ್ಲಿ ಇಡೋಕೆ 20ಕ್ಕೂ ಹೆಚ್ಚು ಹೊಡೆದ. ಅದೇ ಮನುಷ್ಯ 1905ರಲ್ಲಿ ಕಾಡೆಮ್ಮೆ ಉಳಿಸೋ ಸಂಘ ಕಟ್ಟಿದವರಲ್ಲಿ ಒಬ್ಬ. 1907ರಲ್ಲಿ ನ್ಯೂಯಾರ್ಕ್ ಝೂನಿಂದ 15 ಕಾಡೆಮ್ಮೆಗಳನ್ನ ರೈಲು ಹತ್ತಿಸಿ ಒಕ್ಲಹೋಮಾದ ಹುಲ್ಲುಗಾವಲಿಗೆ ಕಳಿಸಿದ. ಇವನನ್ನ ಯಾವ ಲೆಡ್ಜರಿಗೆ ಹಾಕ್ತೀರಾ, ಡೆಬಿಟ್ಟಾ ಕ್ರೆಡಿಟ್ಟಾ?

ಅಮೆರಿಕದವರನ್ನ ಬೈಯೋಕೆ ಮುಂಚೆ ಮೈಸೂರು ನೆನಪಿರಲಿ. ಸುಮಾರು 1900ರಿಂದ 1999ರವರೆಗೆ ಅಲ್ಲಿ ವ್ಯಾನ್ ಇಂಗೆನ್ ಕಾರ್ಖಾನೆ ಇತ್ತು. ರಾಜರು, ಬ್ರಿಟಿಷರು ಹೊಡೆದ ಸಾವಿರಾರು ಹುಲಿ, ಚಿರತೆಗಳಿಗೆ ಗಾಜಿನ ಕಣ್ಣಿಟ್ಟು, ಗರ್ಜಿಸೋ ಹಾಗೆ ಬಾಯಿ ತೆರೆಸಿ ಕಳಿಸ್ತಿದ್ದರು. ಕೈಚಳಕ ಮಾತ್ರ ಪ್ರಪಂಚಕ್ಕೇ ಫೇಮಸ್.

(4/4)
ಈಗ ಮ್ಯೂಸಿಯಂ ಕಿಟಕಿಯಿಂದ ಹೊರಗೆ ನೋಡಿ. ರಸ್ತೆ ಆಚೆ ಬಯಲು, ಚಳಿಗಾಲದಲ್ಲಿ ಸಾವಿರಾರು ಎಲ್ಕ್ ಬಂದು ಸೇರ್ತವೆ. ಎಲ್ಕ್ ಅಂದ್ರೆ ನಮ್ಮ ಕಡವೆಯ ನೆಂಟ ಅನ್ಕೊಳ್ಳಿ, ಸೈಜು ಇನ್ನೂ ದೊಡ್ಡದು.

ನೂರಿಪ್ಪತ್ತು ವರ್ಷದ ಹಿಂದೆ ಇಲ್ಲಿ ಬರೀ ಎರಡು ಹಲ್ಲಿಗೋಸ್ಕರ ಅವನ್ನ ಕೊಲ್ಲೋರು ಇದ್ರು. ಎಲ್ಕ್ ಹೆಸರಿನದೇ ಒಂದು ಕ್ಲಬ್ಬಿನವರು ಆ ಹಲ್ಲನ್ನ ವಾಚಿನ ಚೈನಿಗೆ ಹಾಕ್ಕೊಳ್ತಿದ್ರು. ಹಲ್ಲು ಕಿತ್ತು ಮಿಕ್ಕಿದ್ದನ್ನ ಅಲ್ಲೇ ಬಿಟ್ಟು ಹೋಗೋರು. ಜೊತೆಗೆ ಚಳಿಗಾಲದ ಮೇವಿನ ಜಾಗವೆಲ್ಲ ಜಮೀನು, ಬೇಲಿ ಆಯ್ತು. ಹಿಮದಲ್ಲಿ ರಾಶಿ ರಾಶಿ ಹಸಿವಿಂದ ಸತ್ತವು.

ಸ್ಟೀಫನ್ ಲೀಕ್ ಅನ್ನೋ ಅಲ್ಲಿನ ಜಮೀನುದಾರ, ಅವನೂ ಬೇಟೆ ಗೈಡೇ, ಕ್ಯಾಮೆರಾ ತಗೊಂಡು ಹೋಗಿ ಆ ಹೆಣಗಳ ಫೋಟೋ ತೆಗೆದ. ದೇಶವೆಲ್ಲ ಸುತ್ತಿ ತೋರಿಸಿ ಭಾಷಣ ಮಾಡಿದ. ಅವು ಚೆಂದದ ಫೋಟೋಗಳಲ್ಲ, ಗೋಡೆಗೆ ಯಾರೂ ಹಾಕ್ಕೊಳ್ಳಲ್ಲ. ಆದ್ರೆ ಜನ ಎಚ್ಚೆತ್ತರು, 1912ರಲ್ಲಿ ಸರ್ಕಾರ ಆ ಬಯಲನ್ನ ಎಲ್ಕ್‌ಗಳಿಗೆ ಮೀಸಲಿಟ್ಟಿತು. ಮ್ಯೂಸಿಯಂ ಕಿಟಕಿಯಿಂದ ಕಾಣೋದು ಅದೇ.

ಎಲ್ಕ್ ಕೊಂಬು ಪ್ರತಿ ವರ್ಷ ತಾನೇ ಉದುರುತ್ತೆ. ಊರಿನ ಸ್ಕೌಟ್ ಹುಡುಗರು ಬಯಲಲ್ಲಿ ಅವನ್ನ ಆರಿಸಿ, ಮೇ ತಿಂಗಳಲ್ಲಿ ಪೇಟೆ ಚೌಕದಲ್ಲಿ ಹರಾಜು ಹಾಕ್ತಾರೆ. ಬಂದ ದುಡ್ಡಿನ ಬಹುಪಾಲು ವಾಪಸ್ ಆ ಬಯಲಿಗೇ ಹೋಗುತ್ತೆ.

#ಇತಿಹಾಸ #ಕಾಡುಪ್ರಾಣಿ #ಮ್ಯೂಸಿಯಂ