ಕಲಿತು ಬಂದವನಿಗೆ ಜಾಗ ಎಲ್ಲಿ?

ಮನೆ ಮಗ ಎಂಎಸ್ ಮಾಡೋಕೆ ಅಮೆರಿಕಕ್ಕೆ ಹೊರಟರೆ ಎಲ್ಲರೂ ಕೇಳೋ ಪ್ರಶ್ನೆ ಒಂದೇ. "ವಾಪಸ್ ಬರ್ತೀಯಾ?" ನಾನು ಇಂಜಿನಿಯರಿಂಗ್ ಓದುವಾಗ ನನ್ನ ಗೆಳೆಯರೂ ಈ ಪ್ರಶ್ನೆ ಎದುರಿಸಿದವರೇ. ಆದರೆ ವಾಪಸ್ ಬಂದವನಿಗೆ ಇಲ್ಲಿ ಯಾವ ಜಾಗ ಕೊಡ್ತೀವಿ? ಇದನ್ನು ಯಾರೂ ಕೇಳಲ್ಲ. ಇದು ಹೊಸ ಪ್ರಶ್ನೆಯೇನಲ್ಲ. ಇಂಜಿನಿಯರಿಂಗ್ ಕಾಲೇಜುಗಳು ಹುಟ್ಟೋದಕ್ಕೂ ಮೊದಲೇ, ಬೈಬಲ್ ಕಲಿತು ಬಂದು ತನ್ನವರಿಗೆ ಕಲಿಸಬೇಕು ಅಂತ ಕಡಲು ದಾಟಿದವರು ಇದ್ದರು. ಅವರಲ್ಲಿ ಇಬ್ಬರ ಕಥೆ ನೋಡಿ.

ಮೊದಲನೆಯವರು ಗೋವಾದ ದಿವಾಡಿ ದ್ವೀಪದ ಮಾತೆಯುಸ್ ದೆ ಕಾಸ್ಟ್ರೊ. ಕ್ರೈಸ್ತರಾಗಿದ್ದ ಬ್ರಾಹ್ಮಣ ಮನೆತನದ ಹುಡುಗ. ಪಾದ್ರಿ ಆಗಬೇಕು ಅನ್ನೋದು ಆಸೆ. ಪೋರ್ಚುಗೀಸ್ ಗೋವಾದ ಚರ್ಚ್ ಅಧಿಕಾರಿಗಳು ದೀಕ್ಷೆ ಕೊಡಲಿಲ್ಲ. ಧರ್ಮ ಒಂದೇ ಆಯಿತಲ್ಲ, ಇನ್ನೇನು ಅಡ್ಡಿ? ಮೈಬಣ್ಣ, ಮೂಲ, ಅಧಿಕಾರ. ಗೋವಾದಲ್ಲಿ ಆಗದ್ದನ್ನು ಅವರು ರೋಮಿನಲ್ಲೇ ಸಾಧಿಸಿದರು. ಪೋಪ್ ಎಂಟನೇ ಅರ್ಬನ್ 1627ರಲ್ಲಿ ಬೇರೆ ಬೇರೆ ದೇಶಗಳ ಹುಡುಗರಿಗೆ ತರಬೇತಿ ಕೊಡೋದಕ್ಕೇ ಒಂದು ಕಾಲೇಜು ಶುರು ಮಾಡಿದ್ದರು. ಅಲ್ಲಿ ಕಲಿತ ಮಾತೆಯುಸ್ 1631ರಲ್ಲಿ ಪಾದ್ರಿಯಾದರು, 1637ರಲ್ಲಿ ಬಿಷಪ್ ಆದರು. ಅವರಿಗೆ ವಹಿಸಿದ ಪ್ರಾಂತ್ಯದ ಹೆಸರು 'ಇದಲ್ಕಾನ್'. ಏನದು ಅಂತೀರಾ? ಪೋರ್ಚುಗೀಸರ ಬಾಯಲ್ಲಿ ಆದಿಲ್ ಖಾನ್ ಆಗಿದ್ದು ಹಾಗೆ! ಅಂದರೆ ನಮ್ಮ ಬಿಜಾಪುರದ ಆದಿಲ್‌ಶಾಹಿ ರಾಜ್ಯ.

ಆದರೆ ಗೋವಾ ಅವರನ್ನು ಒಪ್ಪಲಿಲ್ಲ. ಚರ್ಚ್ ನಡೆಸುವ ಹಕ್ಕನ್ನು ಪೋಪ್ ನಮ್ಮ ರಾಜನಿಗೆ ಕೊಟ್ಟಾಗಿದೆ, ರೋಮ್ ನೇರವಾಗಿ ಕಳಿಸೋಕೆ ಯಾರು ಅನ್ನೋದು ಪೋರ್ಚುಗೀಸರ ವಾದ. ಆಗ ಬಿಜಾಪುರದ ಆಳ್ವಿಕೆಯಲ್ಲಿದ್ದ ಬಿಚೋಲಿಯಲ್ಲಿ ನೆಲೆ ನಿಂತು ಆ ಮನುಷ್ಯ ಜಗಳವಾಡಿದರು. ಕೊನೆಗೆ ಕಣ್ಣು ಮುಚ್ಚಿದ್ದು ರೋಮಿನಲ್ಲೇ. ಕ್ರೈಸ್ತ ಬಿಷಪ್‌ಗೆ ಕ್ರೈಸ್ತ ಸರ್ಕಾರ ಜಾಗ ಕೊಡಲಿಲ್ಲ, ಮುಸ್ಲಿಂ ಸುಲ್ತಾನನ ನೆಲದಲ್ಲಿ ಸಿಕ್ಕಿತು.

ಎರಡನೇ ಕಥೆ ಮಂಗಳೂರಿನದು. ಬಾಸೆಲ್ ಮಿಶನ್‌ನವರು ಬಂದಿಳಿದದ್ದು 1834ರಲ್ಲಿ. ಹೆಂಚು, ನೇಯ್ಗೆ, ಮುದ್ರಣ ಅಂತ ಅವರ ಹೆಸರು ನಮಗೆ ಗೊತ್ತು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದ ಹರ್ಮನ್ ಮೋಗ್ಲಿಂಗ್ ಅವರಲ್ಲೊಬ್ಬರು. ನಾವು ಪತ್ರಕರ್ತರು ಪ್ರತಿ ಜುಲೈ 1ಕ್ಕೆ ನೆನೆಯೋದು ಇವರನ್ನೇ. ಅದರ ಮುಂದಿನ ಜನವರಿಯಲ್ಲಿ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದು ಹರ್ಮನ್ ಆನಂದರಾವ್ ಕೌಂಡಿನ್ಯ ಆದರು. ವಯಸ್ಸು ಇಪ್ಪತ್ತೂ ತುಂಬಿರಲಿಲ್ಲ. ಊರಲ್ಲಿ ಕೋಲಾಹಲ. ಕೈಹಿಡಿದ ಹೆಂಡತಿಯೂ ಅವರ ಜೊತೆ ಬರಲಿಲ್ಲ.

ಮೋಗ್ಲಿಂಗ್ ರಜೆಗೆ ಊರಿಗೆ ಹೋಗುವಾಗ ಈ ಹುಡುಗನನ್ನೂ ಕರೆದೊಯ್ದರು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ, ಇವರು ಹೋದದ್ದು 1846ರಲ್ಲಿ. ಕಡಲು ದಾಟಿದರೆ ಜಾತಿ ಹೋಯಿತು ಅನ್ನೋ ಕಾಲ. ಅರ್ಧ ಶತಮಾನದ ಮೇಲೂ ವಿಲಾಯತಿಗೆ ಹೋಗಿ ಬಂದವರನ್ನು ಸೇರಿಸಿಕೊಳ್ಳಬೇಕೋ ಬೇಡವೋ ಅಂತ ಸಾರಸ್ವತ ಸಮಾಜದಲ್ಲೇ ಜಗಳ ನಡೆದಿತ್ತು. ಬಾಸೆಲ್ ಸೆಮಿನರಿಯಲ್ಲಿ ಜರ್ಮನ್ ಹಳ್ಳಿಗಳ ರೈತರ, ಕುಶಲಕರ್ಮಿಗಳ ಮಕ್ಕಳ ಪಕ್ಕದಲ್ಲಿ ಮಂಗಳೂರಿನ ಬ್ರಾಹ್ಮಣ ಹುಡುಗ ಬೈಬಲ್ ಕಲಿತ. 1851ರಲ್ಲಿ ದೀಕ್ಷೆ ಪಡೆದು ಮರಳಿದ ಮೇಲೆ ಮಂಗಳೂರಿನ ಸೆಮಿನರಿಯಲ್ಲಿ ಉಪದೇಶಿಗಳಿಗೆ ಪಾಠ ಹೇಳಿದರು. ಕೊಡಗಿನ ಆನಂದಪುರದಲ್ಲಿ ಹೊಲೆಯ ಸಮುದಾಯದ ಕೂಲಿಗಳಿಗೆ ನೆಲೆ ಕಟ್ಟುವ ಕೆಲಸದಲ್ಲಿ ಮೋಗ್ಲಿಂಗ್ ಜೊತೆ ನಿಂತರು. 1893ರಲ್ಲಿ ತೀರಿಕೊಂಡರು.

ಮತಾಂತರ ಅಂದ ಕೂಡಲೇ ನಮ್ಮ ಸ್ಟುಡಿಯೋದಲ್ಲಿ ಎರಡು ಗುಂಪಾಗುತ್ತೆ. ಒಬ್ಬರಿಗೆ ಇವರು ವಿದೇಶಿಯರ ಕೈಗೊಂಬೆಗಳು. ಇನ್ನೊಬ್ಬರಿಗೆ ಬಿಡುಗಡೆ ತಂದವರು. ನನಗೆ ಎರಡೂ ಪೂರ್ತಿ ಒಪ್ಪಿಗೆಯಿಲ್ಲ. ಮಾತೆಯುಸ್ ಕೈಗೊಂಬೆಯಾಗಿದ್ದರೆ ಪೋರ್ಚುಗೀಸರಿಗೆ ಅಷ್ಟು ಹೆದರಿಕೆ ಯಾಕೆ? ಕೌಂಡಿನ್ಯರ ಬಿಡುಗಡೆಯ ಲೆಕ್ಕದಲ್ಲಿ ಮಂಗಳೂರಿನಲ್ಲೇ ಉಳಿದ ಆ ಹೆಣ್ಣುಮಗಳ ಬದುಕನ್ನು ಎಲ್ಲಿ ಬರೆಯೋಣ?

ಇಬ್ಬರಿಗೂ ಪಾಠ ಸಿಕ್ಕಿದ್ದು ವಿದೇಶದಲ್ಲಿ. ಆದರೆ ಕೌಂಡಿನ್ಯರಿಗೆ ಇಲ್ಲಿ ಪಾಠ ಹೇಳೋಕೆ ಒಂದು ತರಗತಿ ಸಿಕ್ಕಿತು, ಮಾತೆಯುಸ್‌ಗೆ ಅದೂ ಸಿಗಲಿಲ್ಲ. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಇವತ್ತೂ ನಡೀತಿದೆ. ಬೈಬಲ್ ಕಲಿಸೋದು ಹೇಗೆ ಅಂತ ತಿಳಿಯೋಕೆ ಕನ್ನಡದ ಹುಡುಗ, ಹುಡುಗಿ ಹಡಗು ಹತ್ತಬೇಕಾಗಿಲ್ಲ. ಮುಂದಿನ ಸಲ ಬಲ್ಮಠ ಗುಡ್ಡದ ದಾರಿಯಲ್ಲಿ ಹೋದರೆ, ಹಾಗೆ ಹತ್ತಿ ಹೋಗಿ ವಾಪಸ್ ಬಂದ ಒಬ್ಬರನ್ನು ನೆನಪಿಸಿಕೊಳ್ಳಿ.