ಬಿಸಿಲನ್ನು ನಂಬಿದ ಅಮೋನಿಯ

ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವವನು ಬೀದಿಯಂಚಿನಲ್ಲಿ ನೆಲ ತೋಡಿ, ಇದ್ದಲು ಹೊತ್ತಿಸಿ, ತಿದಿಯೊತ್ತುತ್ತ ಕುಳಿತಾಗ, ಕಾದ ಪಾತ್ರೆಯೊಳಕ್ಕೆ ಅವನು ಉದುರಿಸುವ ನವಸಾಗರದ ಪುಡಿಯಿಂದ ಬಿಳಿಯ ಹೊಗೆಯೆದ್ದು ಸುತ್ತ ನೆರೆದ ಮಕ್ಕಳ ಮೂಗನ್ನು ಕುಕ್ಕುತ್ತಿದ್ದುದನ್ನು ಬಾಲ್ಯದಲ್ಲಿ ಎಷ್ಟೋ ಸಲ ಅನುಭವಿಸಿದ್ದೇನೆ. ಆ ಘಾಟಿನಲ್ಲಿದ್ದುದು ಅಮೋನಿಯ. ಸಾರಜನಕದ ಒಂದು ಪರಮಾಣುವಿಗೆ ಜಲಜನಕದ ಮೂರು ಪರಮಾಣುಗಳು ಕೂಡಿ ಆಗುವ ಈ ಅನಿಲವನ್ನು ಜಗತ್ತಿನ ಕಾರ್ಖಾನೆಗಳು ಇಂದು ವರ್ಷಕ್ಕೆ ಸುಮಾರು 18 ಕೋಟಿ ಟನ್ನಿನಷ್ಟು ತಯಾರಿಸುತ್ತವೆ. ಅದರ ಬಹುಭಾಗ ಗೊಬ್ಬರವಾಗಿ ಹೊಲ ಸೇರುತ್ತದೆ. ಮನುಕುಲದ ಹೆಚ್ಚುಕಡಿಮೆ ಅರ್ಧ ಜನರ ಅನ್ನ ಅದರ ಮೇಲೆ ನಿಂತಿದೆ. ಆದರೆ ಆ ಅನ್ನಕ್ಕಾಗಿ ಕಲ್ಲಿದ್ದಲನ್ನೂ ನೈಸರ್ಗಿಕ ಅನಿಲವನ್ನೂ ವೆಚ್ಚಮಾಡಿ, ವರ್ಷಕ್ಕೆ ಸುಮಾರು 45 ಕೋಟಿ ಟನ್ ಇಂಗಾಲದ ಡೈ ಆಕ್ಸೈಡನ್ನು ನಾವು ಆಕಾಶಕ್ಕೆ ಬಿಡುತ್ತಿದ್ದೇವೆ. ಗಾಳಿ, ನೀರು, ಬಿಸಿಲು ಈ ಮೂರರಿಂದಲೇ ಅಮೋನಿಯವನ್ನು ಪಡೆಯಲಾದೀತೆ ಎಂಬ ಪ್ರಶ್ನೆ ಹುಟ್ಟಿದ್ದು ಹೀಗೆ.

ಮೂಲದಿಂದ ನೋಡೋಣ. 1898ರಲ್ಲಿ ಬ್ರಿಸ್ಟಲ್ ನಗರದ ವಿಜ್ಞಾನ ಸಮ್ಮೇಳನದ ಅಧ್ಯಕ್ಷಪೀಠದಿಂದ ವಿಲಿಯಂ ಕ್ರುಕ್ಸ್, ಚಿಲಿ ದೇಶದ ನೈಟ್ರೇಟ್ ನಿಕ್ಷೇಪಗಳು ಬರಿದಾಗುವ ಮುನ್ನ ಗಾಳಿಯ ಸಾರಜನಕವನ್ನು ಸೆರೆಹಿಡಿಯದಿದ್ದರೆ ಗೋಧಿ ಉಣ್ಣುವ ನಾಡುಗಳು ಹಸಿಯಬೇಕಾಗುವುದೆಂದು ಎಚ್ಚರಿಸಿದರು. ಗಾಳಿಯ ಐದರಲ್ಲಿ ನಾಲ್ಕು ಪಾಲು ಸಾರಜನಕವೇ ಆಗಿದ್ದರೂ ಅದರ ಎರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿದುಕೊಂಡಿರುವುದರಿಂದ ಅದು ಸುಲಭವಾಗಿ ಯಾರೊಡನೆಯೂ ಬೆರೆಯದು. 1909ರ ಜುಲೈ 2ರಂದು ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಫ್ರಿಟ್ಸ್ ಹಾಬರ್ ಮತ್ತು ಅವರ ಸಹಾಯಕ ರಾಬರ್ಟ್ ಲೆ ರೊಸಿನ್ಯೋಲ್ ತಮ್ಮ ಯಂತ್ರವನ್ನು ಬಿ.ಎ.ಎಸ್.ಎಫ್. ಎಂಬ ರಸಾಯನೋದ್ಯಮ ಸಂಸ್ಥೆಯವರ ಮುಂದೆ ನಡೆಸಿ ತೋರಿಸಿದಾಗ, ಆಸ್ಮಿಯಂ ಲೋಹದ ಸನ್ನಿಧಿಯಲ್ಲಿ, ಸುಮಾರು 200 ವಾಯುಭಾರಗಳ ಒತ್ತಡದಲ್ಲಿ, ಅಮೋನಿಯ ತೊಟ್ಟುತೊಟ್ಟಾಗಿ ಇಳಿಯತೊಡಗಿತು.

ತೊಟ್ಟನ್ನು ತೊರೆಯಾಗಿಸಿದವರು ಅದೇ ಸಂಸ್ಥೆಯ ಕಾರ್ಲ್ ಬಾಷ್. ರಸಾಯನವಿಜ್ಞಾನಿಯ ಕೆಲಸ ಮುಗಿದು ರಾಸಾಯನಿಕ ಎಂಜಿನಿಯರನ ಕೆಲಸ ಎಲ್ಲಿ ಮೊದಲಾಗುತ್ತದೆಂಬುದಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನ ನನಗೆ ತಿಳಿಯದು. ಅವರ ಮೊದಲ ಉಕ್ಕಿನ ಕೊಳವೆಗಳು 80 ಗಂಟೆಗಳ ಬಳಿಕ ಸಿಡಿದುಹೋದುವು. ಸಿಡಿದ ಲೋಹವನ್ನು ಪರೀಕ್ಷಿಸಲಾಗಿ, ಬಿಸಿಯೇರಿದ ಜಲಜನಕವು ಉಕ್ಕಿನೊಳಕ್ಕೆ ನುಸುಳಿ, ಉಕ್ಕಿಗೆ ಬಲವನ್ನೀಯುವ ಇಂಗಾಲವನ್ನೇ ಕಬಳಿಸಿ, ಅದನ್ನು ಪೆಡಸುಗೊಳಿಸಿದ್ದು ಕಂಡಿತು. ಆಗ ಬಾಷ್ ಒಂದು ಕೊಳವೆಯ ಎರಡು ಹೊಣೆಗಳನ್ನು ಬೇರ್ಪಡಿಸಿದರು. ಇಂಗಾಲವಿಲ್ಲದ ಮೆದು ಕಬ್ಬಿಣದ ಒಳಗವಚ ಅನಿಲವನ್ನು ತಡೆಯಬೇಕು; ಹೊರಗಿನ ಉಕ್ಕು ಒತ್ತಡವನ್ನು ಹೊರಬೇಕು; ಒಳಗವಚವನ್ನು ದಾಟಿ ಬಂದ ಅಲ್ಪಸ್ವಲ್ಪ ಜಲಜನಕ ಉಕ್ಕನ್ನು ಕೆಡಿಸದೆ ಹೊರಹೋಗಲೆಂದು ಆ ಉಕ್ಕಿಗೆ ಸಣ್ಣ ಸಣ್ಣ ರಂಧ್ರಗಳನ್ನು ಕೊರೆಯಬೇಕು! ಇತ್ತ ಅವರ ಸಹೋದ್ಯೋಗಿ ಅಲ್ವಿನ್ ಮಿಟಾಷ್ ಸಾವಿರಾರು ಪ್ರಯೋಗಗಳನ್ನು ನಡೆಸಿ, ದುರ್ಲಭವಾದ ಆಸ್ಮಿಯಮ್ಮಿನ ಬದಲು ಸ್ವೀಡನ್ನಿನ ಕಬ್ಬಿಣದ ಅದಿರಿನಿಂದ ಹುಟ್ಟಿದ ಅಗ್ಗದ ವೇಗವರ್ಧಕವನ್ನು ಕಂಡುಹಿಡಿದರು. 1913ರ ಸೆಪ್ಟೆಂಬರಿನಲ್ಲಿ ಓಪ್ಪೌ ಎಂಬಲ್ಲಿ ಕಾರ್ಖಾನೆ ನಡೆಯತೊಡಗಿತು.

ಅಂದಿನಿಂದ ಈ ಉದ್ಯಮ ಕಲಿತ ವಿದ್ಯೆಯೆಲ್ಲ ಸ್ಥೈರ್ಯದ ವಿದ್ಯೆ. 400ರಿಂದ 500 ಡಿಗ್ರಿ ಶಾಖ ಹಗಲಿರುಳು ಒಂದೇ ಸಮನಿರಬೇಕು. ಒಂದು ಸುತ್ತಿಗೆ ಅಲ್ಪಾಂಶ ಮಾತ್ರ ಅಮೋನಿಯವಾಗುವುದರಿಂದ, ಅದನ್ನು ತಣಿಸಿ ತೆಗೆದು ಉಳಿದ ಅನಿಲವನ್ನು ಮತ್ತೆ ಮತ್ತೆ ತಿರುಗಿಸುತ್ತಿರಬೇಕು. ಯಂತ್ರ ನಿಂತು ತಣ್ಣಗಾದರೆ ನಷ್ಟದ ಮೇಲೆ ನಷ್ಟ. ಸೂರ್ಯನಾದರೋ ಸಂಜೆಗೆ ಮುಳುಗುವವನು, ಮೋಡಕ್ಕೆ ಮರೆಯಾಗುವವನು. ಸೌರ ಅಮೋನಿಯದ ಸಮಸ್ಯೆಯ ತಿರುಳು ಇಲ್ಲಿದೆಯೆಂದು ನಾನು ಬಗೆಯುತ್ತೇನೆ. ಜಲಜನಕವನ್ನು ನೀರಿನಿಂದ ಪಡೆಯುವುದೇನೂ ಹೊಸದಲ್ಲ: ನಾರ್ವೆಯ ರ್ಯೂಕನ್ನಿನಲ್ಲಿ 1920ರ ದಶಕದ ಕೊನೆಯಿಂದಲೂ, ನಮ್ಮ ಪಂಜಾಬಿನ ನಂಗಲ್ಲಿನಲ್ಲಿ 1960ರ ದಶಕದ ಆರಂಭದಿಂದಲೂ ಜಲವಿದ್ಯುತ್ತಿನಿಂದ ನೀರನ್ನು ವಿಭಜಿಸಿ ಅಮೋನಿಯ ಮಾಡುತ್ತಿದ್ದರು. ಆದರೆ ಅಣೆಕಟ್ಟಿನ ನೀರು ಕೂಡಿಟ್ಟ ನೀರು, ಕೇಳಿದಾಗ ಹರಿಯುತ್ತದೆ. ಬಿಸಿಲು ಹಾಗಲ್ಲ.

ಬಿಸಿಲನ್ನು ನೇರವಾಗಿ ಬಳಸುವ ಆಸೆಗೆ ಭಾರತದ ನೆಲದಲ್ಲಿಯೇ ಒಂದು ಹಳೆಯ ಬೇರುಂಟು. ಅಲಹಾಬಾದಿನ ರಸಾಯನವಿಜ್ಞಾನಿ ನೀಲರತ್ನ ಧರ್ ಅವರು, ಮಣ್ಣಿನಲ್ಲಿ ಸಾರಜನಕ ನೆಲೆಗೊಳ್ಳುವುದರಲ್ಲಿ ಸೂಕ್ಷ್ಮಜೀವಿಗಳಿಗಷ್ಟೇ ಅಲ್ಲದೆ ಸೂರ್ಯನ ಬೆಳಕಿಗೂ ಪಾಲಿದೆಯೆಂದು ದಶಕಗಳ ಕಾಲ ವಾದಿಸಿದರು. 1977ರಲ್ಲಿ ಅಮೆರಿಕದ ಷ್ರೌಟ್ಸರ್ ಮತ್ತು ಗುತ್ ಎಂಬವರು, ಟೈಟಾನಿಯಂ ಡೈ ಆಕ್ಸೈಡಿನ ಮೇಲೆ ನೇರಳಾತೀತ ಬೆಳಕು ಬಿದ್ದಾಗ ಸಾರಜನಕವೂ ತೇವಾಂಶವೂ ಕೂಡಿ ಅಮೋನಿಯವಾಗುವುದೆಂದು ಪ್ರಕಟಿಸಿದ ಮೇಲೆ ಈ ಮಾರ್ಗದಲ್ಲಿ ಪ್ರಬಂಧಗಳು ಒಂದರ ಮೇಲೊಂದು ಬಂದುವು. ಆದರೆ ಅವುಗಳಲ್ಲಿ ದೊರೆತ ಅಮೋನಿಯದ ಮೊತ್ತ ಅತ್ಯಲ್ಪ. ಅಮೋನಿಯವಾದರೋ ಎಲ್ಲೆಲ್ಲಿಯೂ ಇರುವ ವಸ್ತು. ಪ್ರಯೋಗ ಮಾಡುವವರ ಉಸಿರಿನಲ್ಲಿ, ಕೈಗವಸಿನಲ್ಲಿ, ಸಾರಜನಕದ ಸಿಲಿಂಡರಿನೊಳಗಣ ಕಲ್ಮಷದಲ್ಲಿಯೂ ಅದರ ಲೇಶವಿರಬಹುದು. ಸೀಸೆಯಲ್ಲಿ ಕಂಡ ಅಮೋನಿಯ ಬೆಳಕಿನಿಂದ ಆದುದೋ, ಹೊರಗಿನಿಂದ ಬಂದುದೋ? ಇದನ್ನು ನಿರ್ಣಯಿಸಲು, 15 ಪರಮಾಣು ತೂಕದ ಭಾರ ಸಾರಜನಕವನ್ನು ಹಾಯಿಸಿ ಆ ಸಾರಜನಕವೇ ಅಮೋನಿಯದೊಳಗೆ ಬಂದಿದೆಯೇ ಎಂದು ನೋಡುವ ಕಟ್ಟುನಿಟ್ಟಾದ ವಿಧಾನವನ್ನು 2019ರಲ್ಲಿ ಡೆನ್ಮಾರ್ಕ್ ಮತ್ತು ಸ್ಟ್ಯಾನ್‌ಫರ್ಡಿನ ಸಂಶೋಧಕರು, ಇದೇ ಸಂದೇಹಕ್ಕೊಳಗಾಗಿದ್ದ ವಿದ್ಯುದ್ರಾಸಾಯನಿಕ ಪ್ರಯೋಗಗಳಿಗಾಗಿ ನಿರೂಪಿಸಿದರು. ಆ ಒರೆಗಲ್ಲಿಗೆ ನಿಂತು ಗೆದ್ದುದರಲ್ಲಿ ಲಿಥಿಯಂ ಲೋಹವನ್ನು ನಡುವಣ ದೂತನನ್ನಾಗಿ ಬಳಸುವ ಮಾರ್ಗ ಮುಖ್ಯವಾದುದು. ಈ ಆತ್ಮಪರೀಕ್ಷೆಯೇ ಈ ಕ್ಷೇತ್ರ ಪ್ರೌಢಾವಸ್ಥೆಗೆ ಬಂದುದರ ಗುರುತು. ಬಹು ಘೋಷಣೆಗಳಿಗಿಂತ ಅದು ಹೆಚ್ಚು ಬೆಲೆಯುಳ್ಳದ್ದು.

ಬೆಳಕನ್ನು ಬಿಟ್ಟು ಸೂರ್ಯನ ತಾಪವನ್ನು ಹಿಡಿದವರೂ ಉಂಟು. ಕ್ಯಾನ್‌ಬೆರಾದ ವಿಶ್ವವಿದ್ಯಾನಿಲಯದಲ್ಲಿ 1998ರಲ್ಲಿ ಒಂದು ದೊಡ್ಡ ಕನ್ನಡಿಯ ನಾಭಿಯಲ್ಲಿ ಅಮೋನಿಯವನ್ನು ಒಡೆದು, ಮತ್ತೆ ಕೂಡಿಸಿ, ಬಿಸಿಲಿನ ಶಾಖವನ್ನು ಶೇಖರಿಸಿ ತೋರಿಸಿದರು. ಜೂರಿಕ್ಕಿನ ಸಂಶೋಧಕರು ಅಮೋನಿಯವನ್ನು ಪಡೆಯಲು ಅಲ್ಯುಮಿನಿಯಂ ನೈಟ್ರೈಡಿನ ಚಕ್ರವನ್ನು ಪರಿಶೀಲಿಸಿದರು. ಅದಕ್ಕೆ ಬೇಕಾದ ಉಗ್ರ ತಾಪವನ್ನು ತಾಳುವ ಸಾಮಗ್ರಿ ಸುಲಭವಲ್ಲ.

ಸದ್ಯಕ್ಕೆ ಕೈಗೆಟುಕುವ ದಾರಿಯೆಂದರೆ ಸೌರಫಲಕದ ವಿದ್ಯುತ್ತಿನಿಂದ ನೀರನ್ನು ವಿಭಜಿಸಿ, ಬಂದ ಜಲಜನಕವನ್ನು ಹಾಬರ್ ಮತ್ತು ಬಾಷ್ ಅವರ ಹಳೆಯ ಯಂತ್ರಕ್ಕೇ ಉಣಿಸುವುದು. ಒಂದು ಟನ್ ಅಮೋನಿಯಕ್ಕೆ ಸುಮಾರು 10,000 ಯೂನಿಟ್ ವಿದ್ಯುತ್ ಬೇಕು. ಅದರ ಬಹುಪಾಲು ನೀರಿನ ವಿಭಜನೆಗೇ ಹೋಗುತ್ತದೆ. ರಾಜಸ್ಥಾನದ ಬಿಕಾನೇರಿನಲ್ಲಿ 2021ರಲ್ಲಿ ದಿನಕ್ಕೆ 5 ಟನ್ ಸಾಮರ್ಥ್ಯದ ಇಂಥ ಒಂದು ಪ್ರಾಯೋಗಿಕ ಘಟಕ ನಿಂತಿತು. ಹಳೆಯ ಯಂತ್ರಕ್ಕೆ ಹೊಸ ನಡಿಗೆಯನ್ನು ಕಲಿಸುವುದು ಈಗಿನ ಸಾಹಸ. ಮಿನೆಸೋಟದ ಸಂಶೋಧಕರು ಅಮೋನಿಯವನ್ನು ತಣಿಸಿ ತೆಗೆಯುವ ಬದಲು ಮೆಗ್ನೀಷಿಯಂ ಕ್ಲೋರೈಡಿನಂಥ ಲವಣಕ್ಕೆ ಹೀರಿಸಿಬಿಟ್ಟರೆ ಕಡಿಮೆ ಒತ್ತಡದಲ್ಲಿ, ಸಣ್ಣ ಪ್ರಮಾಣದಲ್ಲಿ ಕಾರ್ಯ ನಡೆದೀತೆಂದು ತೋರಿಸಿದ್ದಾರೆ. ಡೆನ್ಮಾರ್ಕಿನ ರಾಮ್ಮೆ ಎಂಬಲ್ಲಿ 2024ರಲ್ಲಿ ಉದ್ಘಾಟನೆಯಾದ, ವರ್ಷಕ್ಕೆ ಸುಮಾರು 5,000 ಟನ್ನಿನ ಸ್ಥಾವರವನ್ನು ಗಾಳಿ ಬಿಸಿಲುಗಳ ಏರಿಳಿತಕ್ಕೆ ತಕ್ಕಂತೆ ತಾನೂ ಏರಿಳಿಯುವಂತೆ ರಚಿಸಲಾಗಿದೆ. ದೊಡ್ಡ ಫಲ ಮೊದಲು ಬರುವುದು ಈ ಹೊಂದಾಣಿಕೆಯ ಎಂಜಿನಿಯರಿಂಗಿನಿಂದಲೇ, ನೇರ ಬೆಳಕಿನ ಮಾರ್ಗದಿಂದಲ್ಲ, ಎಂಬುದು ನನ್ನ ಅಭಿಪ್ರಾಯ.

ನಮ್ಮ ರೈತನ ಮಟ್ಟಿಗೆ ಇನ್ನೊಂದು ತೊಡಕಿದೆ. ಅವನು ಕೊಳ್ಳುವುದು ಅಮೋನಿಯವನ್ನಲ್ಲ, ಯೂರಿಯವನ್ನು. ಬಹುಕಾಲ ನಾಫ್ತಾದಿಂದ ನಡೆದು ಈಚೆಗೆ ಕೊಚ್ಚಿಯ ಕೊಳವೆಮಾರ್ಗದ ನೈಸರ್ಗಿಕ ಅನಿಲಕ್ಕೆ ತಿರುಗಿದ ಮಂಗಳೂರಿನ ಪಣಂಬೂರು ಕಾರ್ಖಾನೆಯಂಥವುಗಳಲ್ಲಿ, ಜಲಜನಕವನ್ನು ತೆಗೆಯುವಾಗ ಬರುವ ಇಂಗಾಲದ ಡೈ ಆಕ್ಸೈಡೇ ಅಮೋನಿಯದೊಡನೆ ಸೇರಿ ಯೂರಿಯವಾಗುತ್ತದೆ. ಬಿಸಿಲಿನ ಕಾರ್ಖಾನೆಯಲ್ಲಿ ಆ ಇಂಗಾಲ ಹುಟ್ಟುವುದೇ ಇಲ್ಲ. ಅದನ್ನು ಬೇರೆಡೆಯಿಂದ ತರಬೇಕು, ಇಲ್ಲವೇ ರೈತನಿಗೆ ಬೇರೊಂದು ಗೊಬ್ಬರವನ್ನು ರೂಢಿಮಾಡಿಸಬೇಕು. ಅಂಗಡಿಯಲ್ಲಿ ದೊರೆಯುವ 45 ಕಿಲೋ ಯೂರಿಯದ ಒಂದು ಚೀಲವನ್ನು ತಯಾರಿಸಲು ಸುಮಾರು 25 ಕಿಲೋ ಅಮೋನಿಯವೂ, ಅದರ ಜೊತೆಗೆ 33 ಕಿಲೋ ಇಂಗಾಲದ ಡೈ ಆಕ್ಸೈಡೂ ಬೇಕಾಗುತ್ತವೆ.